ಗೌಸ ನದಾಫರ ಐಸ್ ಮತ್ತು ಹನ್ನೆರಡು ಇಲಿಗಳು

ಗೌಸ ನದಾಫರ ಪ್ರಕಾರ ಲೋಕದ ಬಹುಪಾಲು ತೊಂದರೆಗಳಿಗೆ ಕಾರಣ ಸಾಕಷ್ಟು ತಂಪಿಲ್ಲದಿರುವುದು. ಹಾಲು ಒಡೆದರೆ, ಮೀನು ನಾತ ಹೊಡೆದರೆ, ರಕ್ತಪರೀಕ್ಷೆಯ ರಿಪೋರ್ಟ್ ತಪ್ಪು ಬಂದರೆ ಅವರು ಕೇಳುವ ಪ್ರಶ್ನೆ ಒಂದೇ: "ಐಸ್ ಎಷ್ಟ ಇಟ್ಟಿದ್ರಿ?"

ಐವತ್ತೊಂದು ವರ್ಷದ, ಸಣಕಲು ಮೈಯ, ತಲೆಯನ್ನು ಬಿಟ್ಟು ಮೀಸೆಗೆ ಮಾತ್ರ ಬಣ್ಣ ಹಚ್ಚಿಕೊಳ್ಳುವ ಈ ಮನುಷ್ಯ ಇಪ್ಪತ್ತೆರಡು ವರ್ಷಗಳಿಂದ ಮುಂಬಯಿಯ ಪಶ್ಚಿಮ ಉಪನಗರಗಳಲ್ಲಿ ಜನರ ರಕ್ತ, ಮೂತ್ರ, ಕಫಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತಿದ್ದಾರೆ. ಊರು ವಿಜಯಪುರ ಜಿಲ್ಲೆಯ ತಾಳಿಕೋಟಿ. ಮನೆ ದಹಿಸರ್ ಪೂರ್ವದ ಚಾಳೊಂದರಲ್ಲಿ ಎರಡು ಖೋಲಿ. ಕೆಲಸದ ಸಾಮಾನು ಒಂದು ನೀಲಿ ಪ್ಲಾಸ್ಟಿಕ್ ಪೆಟ್ಟಿಗೆ, ಅದಕ್ಕೊಂದು ಹೆಗಲಪಟ್ಟಿ, ಒಂದು ರೈಲ್ವೆ ಪಾಸು. ಸ್ಕೂಟರ್ ಇಟ್ಟುಕೊಂಡಿಲ್ಲ. ಮುಂಬಯಿಯ ರಸ್ತೆಗಳ ಮೇಲೆ ರಕ್ತ ಒಯ್ದರೆ ಕಡೆದು ಬೆಣ್ಣೆ ತೆಗೆದಂತೆ ಆಗುತ್ತದೆ ಎಂಬುದು ಅವರ ವಾದ. ಲೋಕಲ್‌ನ ಲಗೇಜ್ ಡಬ್ಬಿಯಲ್ಲಿ ಮೀನು ಮಾರುವ ಹೆಂಗಸರ ಬುಟ್ಟಿಗಳ ಪಕ್ಕ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಕೆಳಗೆ ಇಡುವುದಿಲ್ಲ. ಮೀನಿನವರು ಅವರನ್ನು ಐಸ್‌ಕ್ರೀಮಿನವನೆಂದೇ ತಿಳಿದಿದ್ದಾರೆ. ಅವರೂ ತಿದ್ದಲು ಹೋಗಿಲ್ಲ, ನಿಜ ಹೇಳಿದರೆ ಕೂರಲು ಜಾಗ ಸಿಗಲಾರದು.

"ನನ್ನ ಕೈಯಾಗ ಇವತ್ತಿನ ತನಕ ಒಂದs ಒಂದು ಸ್ಯಾಂಪಲ್ ಕೆಟ್ಟಿಲ್ರಿ. ಇಡೀ ಮುಂಬೈದಾಗ ಕೇಳಿ ನೋಡ್ರಿ" ಎನ್ನುವುದು ಅವರ ಹೆಮ್ಮೆ. ಇಡೀ ಮುಂಬಯಿಯನ್ನು ಕೇಳುವುದು ಆಗದ ಕೆಲಸ. ಕೇಳಲು ಸಿಕ್ಕ ಐದು ರಕ್ತಸಂಗ್ರಹ ಕೇಂದ್ರಗಳು ಮಾತ್ರ ಹೌದು ಎಂದವು.

ಈ ಹೆಮ್ಮೆಯ ಭಾರ ಹೊತ್ತಿರುವುದು ಮನೆಯ ಫ್ರಿಜ್ಜು. ಅದರ ಮೇಲಿನ ಖಾನೆ ಪೂರ್ತಿ ಐಸ್ ಪ್ಯಾಕುಗಳದು. ಎರಡನೆಯದು ಅವುಗಳಿಗೆ ಏನಾದರೂ ಆದರೆ ಬೇಕಾಗುವ ಐಸ್ ಪ್ಯಾಕುಗಳದು. ಸೀರೆಗಳಿಗೆ ಫಾಲ್ ಹಚ್ಚುವ ಕೆಲಸ ಮಾಡುವ ಹೆಂಡತಿ ಹಲೀಮಾ ಬಂದ ಗಿರಾಕಿಗಳಿಗೆಲ್ಲ ಅದನ್ನು ತೋರಿಸುತ್ತಾರೆ. "ನಮ್ಮ ಮನ್ಯಾಗ ಫ್ರಿಜ್ ಐತಿ ಅನ್ನೂದು ಸುಳ್ಳವ್ವಾ. ನಮ್ಮ ಮನಿಯವರ ಐಸ್‌ಗೆ ಒಂದು ಖೋಲಿ ಐತಿ. ಅದರ ಬಾಗಲದಾಗ ನಾವು ನಾಕ ತತ್ತಿ ಇಟ್ಕೊಂತೀವಿ, ಅಷ್ಟ."

ಎರಡು ವರ್ಷಗಳ ಹಿಂದೆ ಗೌಸರಿಗೆ ಹೊಸದೊಂದು ಕೆಲಸ ಸಿಕ್ಕಿತು. ಅಂಧೇರಿಯ ಕೈಗಾರಿಕಾ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಸಣ್ಣ ಸಂಶೋಧನಾ ಕೇಂದ್ರವಿದೆ. ಅಲ್ಲಿ ಬೆಳೆಸಿದ ಜೀವಕೋಶಗಳನ್ನು ದಹಿಸರ್‌ನಲ್ಲಿರುವ ಅವರದೇ ಪ್ರಾಣಿಶಾಲೆಗೆ ಒಯ್ಯಬೇಕು. ಪ್ರಾಣಿಶಾಲೆ ಅಷ್ಟು ದೂರ ಯಾಕೆಂದರೆ ಅಂಧೇರಿಯ ಬಾಡಿಗೆ ಕಟ್ಟಡದಲ್ಲಿ ಇಲಿ ಸಾಕಲು ಒಪ್ಪಿಗೆ ಸಿಗಲಿಲ್ಲ. ಯಾರೂ ಸಾಕದ ಇಲಿಗಳು ಆ ಕಟ್ಟಡದಲ್ಲಿ ಧಾರಾಳವಾಗಿವೆ.

ಕೋಶಗಳನ್ನು ಬೆಳೆಸುವವರು ನಿಖಿತಾ ಸಾಲ್ಯಾನ್. ಇಪ್ಪತ್ತೊಂಬತ್ತು ವರ್ಷ, ಪಿಎಚ್‌ಡಿಯ ನಾಲ್ಕನೆಯ ವರ್ಷ. ತಂದೆತಾಯಿ ಉಡುಪಿ ಕಡೆಯವರು, ಅವರು ಹುಟ್ಟಿದ್ದು ಗೋರೆಗಾಂವ್. ಮನೆಯಲ್ಲಿ ತುಳು, ಲ್ಯಾಬಿನಲ್ಲಿ ಇಂಗ್ಲಿಷ್, ರಿಕ್ಷಾದಲ್ಲಿ ಮರಾಠಿ. ಕನ್ನಡ ಅವರಿಗೆ ಅಜ್ಜಿಯ ಜೊತೆ ಮಾತಾಡಲು ಕಲಿತ ಭಾಷೆ. ಹಾಗಾಗಿ ಕನ್ನಡದಲ್ಲಿ ಎಲ್ಲರನ್ನೂ ಸ್ವಲ್ಪ ಗದರಿಸಿದಂತೆಯೇ ಮಾತಾಡುತ್ತಾರೆ. ತಾನೇ ಬೆಳೆಸಿದ ಕೋಶಗಳನ್ನು ತಾನೇ ಒಯ್ಯುವಂತಿಲ್ಲ, ನೋಂದಾಯಿತ ಮೆಡಿಕಲ್ ಕೊರಿಯರಿನವರೇ ಒಯ್ಯಬೇಕು ಎಂಬುದು ಸಂಸ್ಥೆಯ ನಿಯಮ. ಮೆಟ್ರೋದಲ್ಲಿ ಒಯ್ಯಬಹುದಿತ್ತು, ಆದರೆ ಅಲ್ಲಿ ಪ್ರತಿ ಚೀಲವೂ ಎಕ್ಸ್‌ರೇ ಯಂತ್ರದೊಳಗೆ ಹಾಯಬೇಕು, ಅದು ನಿಖಿತಾರಿಗೆ ಒಪ್ಪಿಗೆಯಿಲ್ಲ. ಆದ್ದರಿಂದ ಕೋಶಗಳು ಗೌಸರ ತೊಡೆಯ ಮೇಲೆ ಲೋಕಲ್‌ನಲ್ಲಿ ಹೋಗುತ್ತವೆ, ಅವುಗಳ ಒಡತಿ ಮೆಟ್ರೋದಲ್ಲಿ ಮೊದಲೇ ಹೋಗಿ ಕಾಯುತ್ತಾರೆ.

ಏನು ಕೋಶಗಳು ಇವು? ಮಿದುಳಿನ ಕೆಲವು ಗಡ್ಡೆಗಳನ್ನು ಕತ್ತರಿಸಿ ತೆಗೆದರೂ ಸುತ್ತಲೂ ಹರಡಿದ ಒಂದಿಷ್ಟು ಕೆಟ್ಟ ಕೋಶಗಳು ಉಳಿದುಬಿಡುತ್ತವೆ. ರಕ್ತಕ್ಕೆ ಔಷಧ ಕೊಟ್ಟರೆ ಮಿದುಳಿನ ಕಾವಲು ಪೊರೆ ಅದರಲ್ಲಿ ಬಹುಪಾಲನ್ನು ಒಳಗೆ ಬಿಡುವುದಿಲ್ಲ. ಆದರೆ ಸ್ಟೆಮ್ ಸೆಲ್ ಎಂದು ಕರೆಯುವ ಆಕರಕೋಶಗಳಲ್ಲಿ ಕೆಲವಕ್ಕೆ ಒಂದು ವಿಚಿತ್ರ ಗುಣವಿದೆ. ಮಿದುಳಿಗೆ ಬಿಟ್ಟರೆ ಅವು ಗಡ್ಡೆ ಇರುವ ಕಡೆಗೆ ತಾವಾಗಿ ಸರಿಯುತ್ತವೆ. ಅವುಗಳೊಳಗೆ ಮೊದಲೇ ಒಂದು ಕಿಣ್ವ ತಯಾರಿಸುವ ಶಕ್ತಿಯನ್ನು ತುಂಬಿರುತ್ತಾರೆ. ಆಮೇಲೆ ಕೊಡುವ ಔಷಧ ತಾನಾಗಿ ನಿರುಪದ್ರವಿ. ಆ ಕಿಣ್ವ ಇರುವಲ್ಲಿ ಮಾತ್ರ ಅದು ವಿಷವಾಗಿ ಬದಲಾಗುತ್ತದೆ. ಜಗತ್ತಿನ ಹಲವು ಕಡೆ ಇಂಥ ಪ್ರಯತ್ನಗಳು ನಡೆದಿವೆ. ನಿಖಿತಾರ ಪ್ರಯತ್ನ ಇನ್ನೂ ಇಲಿಗಳ ಮಟ್ಟದಲ್ಲಿದೆ.

ಇದನ್ನು ಗೌಸ ತಮ್ಮ ರೀತಿಯಲ್ಲಿ ಅರ್ಥ ಮಾಡಿಕೊಂಡು ಹೆಂಡತಿಗೆ ವಿವರಿಸಿದ್ದು ಹೀಗೆ:

"ಮಿದುಳು ಅಂದ್ರ ಒಂದು ದೊಡ್ಡ ಸೊಸೈಟಿ ಬಿಲ್ಡಿಂಗ್ ಅಂತ ತಿಳ್ಕೊ. ಗೇಟಿಗೆ ವಾಚ್‌ಮನ್. ನನ್ನಂಥ ಕೊರಿಯರಿನವ್ರನ್ನ ಮ್ಯಾಲ ಬಿಡೂದಿಲ್ಲ, ಇಲ್ಲೇ ಇಟ್ಟು ಹೋಗು ಅಂತಾನ. ಆದ್ರ ಮನಿಗೆಲಸದ ಬಾಯಿ ಬಂದ್ರ? ಕೇಳೂದs ಇಲ್ಲ, ಸೀದಾ ಲಿಫ್ಟ್. ಈ ಸೆಲ್ ಅಂದ್ರ ಆ ಬಾಯಿ. ಆಕಿ ಪಿಶವ್ಯಾಗ ಒಂದು ಬೆಂಕಿಪೊಟ್ಣ ಇಟ್ಟು ಕಳಸ್ತಾರ. ಯಾವ ಮನ್ಯಾಗ ಕಳ್ಳ ಅದಾನ ಅಂತ ಆಕಿಗೆ ವಾಸನಿ ಬರ್ತೈತಿ, ಅಲ್ಲೇ ಹೋಗಿ ಕುಂದರ್ತಾಳ. ಆಮ್ಯಾಲ ಇಡೀ ಬಿಲ್ಡಿಂಗಿಗೆ ಚಿಮಣಿಎಣ್ಣಿ ಬಿಡ್ತಾರ. ಬೆಂಕಿಪೊಟ್ಣ ಎಲ್ಲಿ ಐತೋ ಅಲ್ಲೇ ಹತ್ತೂದು. ಬ್ಯಾರೆ ಮನಿಗೆ ಏನೂ ಆಗೂದಿಲ್ಲ."

ಹಲೀಮಾ ಸೂಜಿ ನಿಲ್ಲಿಸಿ ಕೇಳಿದರು: "ಅಜೀ, ಹಂಗಾದ್ರ ಆ ಬಾಯಿ?"

"ಆಕೀನೂ ಹೋದ್ಳು."

"ಆಕಿಗೆ ಮೊದಲs ಹೇಳಿರ್ತಾರ?"

ಈ ಪ್ರಶ್ನೆಯನ್ನು ಗೌಸ ಮಾರನೆಯ ದಿನ ಅಂಧೇರಿಗೆ ಹೋಗಿ ನಿಖಿತಾರ ಮುಂದಿಟ್ಟರು. ನಿಖಿತಾ, "ಆಂಟಿಗೆ ಹೇಳಿ, ನನ್ನ ಗೈಡ್ ಕೂಡ ಇಷ್ಟು ಕಷ್ಟದ ಕ್ವೆಶ್ಚನ್ ಕೇಳಿಲ್ಲ ಅಂತ" ಎಂದರು.

ಎರಡು ವರ್ಷ ಗೌಸ ಒಯ್ದದ್ದು ಹೆಪ್ಪುಗಟ್ಟಿಸಿದ ಕೋಶಗಳನ್ನು. ಮುಚ್ಚಳ ತೆರೆದರೆ ಬಿಳಿ ಹೊಗೆ ಬರುವಷ್ಟು ತಣ್ಣಗಿನ ಪಾತ್ರೆ ಅದು. ಅವರಿಗೆ ಬಹಳ ಹಿಡಿಸಿತ್ತು. ಇಷ್ಟು ತಂಪನ್ನು ಅವರು ಕನಸಿನಲ್ಲೂ ಕಂಡಿರಲಿಲ್ಲ. ಓದಿದ ಜನ ಕೊನೆಗೂ ತನ್ನ ದಾರಿಗೆ ಬಂದರು ಎಂಬ ತೃಪ್ತಿಯಲ್ಲಿದ್ದರು.

ಈ ವರ್ಷದ ಮೇ ತಿಂಗಳಲ್ಲಿ ಮೊದಲ ಬಾರಿಗೆ ಜೀವಂತ ಕೋಶಗಳನ್ನು ಒಯ್ಯಬೇಕಾಗಿ ಬಂತು. ದಹಿಸರ್‌ನಲ್ಲಿ ಹನ್ನೆರಡು ಇಲಿಗಳ ಮಿದುಳಿನಲ್ಲಿ ಹತ್ತು ದಿನಗಳ ಹಿಂದೆ ಗಡ್ಡೆ ನೆಟ್ಟಾಗಿತ್ತು. ಹನ್ನೊಂದನೆಯ ದಿನ ಬೆಳಿಗ್ಗೆ ಪ್ರತಿ ಇಲಿಗೆ ಐದು ಲಕ್ಷ ಆಕರಕೋಶಗಳನ್ನು ಚುಚ್ಚಬೇಕು. ಎರಡು ದಿನ ತಡವಾದರೆ ಗಡ್ಡೆ ಕೈಮೀರುತ್ತದೆ. ಇನ್ನೊಮ್ಮೆ ಅಷ್ಟು ಕೋಶ ಬೆಳೆಸಲು ಮೂರು ವಾರ ಬೇಕು. ಇಲಿಗಳಿಗೆ ಮತ್ತೆ ಒಪ್ಪಿಗೆ ಪಡೆಯಲು ಆರು ತಿಂಗಳು. ಒಟ್ಟಿನಲ್ಲಿ ನಿಖಿತಾರ ಒಂದು ವರ್ಷ ಆರು ಸಪಾಟು ಬಾಟಲಿಗಳಲ್ಲಿತ್ತು. ಒಂದೊಂದರ ತಳಕ್ಕೂ ಸುಮಾರು ಹತ್ತು ಲಕ್ಷ ಕೋಶಗಳು ಅಂಟಿಕೊಂಡು ಬದುಕಿದ್ದವು. ಅವಕ್ಕೆ ಬೇಕಾದದ್ದು ಮನುಷ್ಯನ ಮೈಯ ಕಾವು. ಅದಕ್ಕಾಗಿ ಪೆಟ್ಟಿಗೆಯಲ್ಲಿ ಬೆಚ್ಚಗಿನ ಪ್ಯಾಕುಗಳನ್ನು ಇಟ್ಟು, ಮೇಲೆ ಮೂವತ್ತೇಳು ಡಿಗ್ರಿ ಎಂದು ಇಂಗ್ಲಿಷಿನಲ್ಲಿ ಅಚ್ಚು ಮಾಡಿದ ಚೀಟಿ ಅಂಟಿಸಿದ್ದರು.

"ಅಂಕಲ್, ಅಲುಗಾಡಿಸ್ಬೇಡಿ. ಒಂದೂವರೆ ಒಳಗೆ ಮುಟ್ಟಬೇಕು. ಓಪನ್ ಮಾಡ್ಬೇಡಿ, ಆಯ್ತಾ?"

"ಮೇಡಂ, ನನಗ ಹೇಳ್ತೀರೇನ್ರಿ?" ಎಂದು ಗೌಸ ಸ್ವಲ್ಪ ನೊಂದುಕೊಂಡೇ ಪೆಟ್ಟಿಗೆ ಎತ್ತಿಕೊಂಡರು. ಆಗ ಹನ್ನೊಂದು ಗಂಟೆ. ನಿಖಿತಾ ಮೆಟ್ರೋ ಕಡೆಗೆ ಹೋದರು. ಪೆಟ್ಟಿಗೆ ಬೆಚ್ಚಗಿರುತ್ತದೆ, ಹಾಗೆಯೇ ಇರಬೇಕು ಎಂಬ ಒಂದು ಮಾತನ್ನು ಅವರು ಹೇಳಲಿಲ್ಲ. ಚೀಟಿ ಇದೆಯಲ್ಲ ಎಂದುಕೊಂಡಿದ್ದರು. ಗೌಸರು ಚೀಟಿ ಓದುವವರಲ್ಲ, ಪೆಟ್ಟಿಗೆಯನ್ನು ಮುಟ್ಟಿ ನೋಡುವವರು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಗೋರೆಗಾಂವ್ ದಾಟಿದ ಮೇಲೆ ಲೋಕಲ್ ನಿಂತಿತು. ಮುಂದೆಲ್ಲೋ ತಂತಿ ಕಡಿದಿತ್ತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಫ್ಯಾನುಗಳು ನಿಂತವು. ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳು ತಮ್ಮ ಇರವನ್ನು ಸಾರತೊಡಗಿದವು. ಗೌಸರು ತಮ್ಮ ತೊಡೆ ಬೆಚ್ಚಗಾಗುತ್ತಿದೆ ಎಂದು ಗಮನಿಸಿದ್ದು ಆಗ. ಮೊದಲು ಮೇ ತಿಂಗಳೆಂದುಕೊಂಡರು. ಪೆಟ್ಟಿಗೆಯ ತಳಕ್ಕೆ ಅಂಗೈ ಹಚ್ಚಿದರು. ಮುಚ್ಚಳದ ಸಂದಿಯಲ್ಲಿ ಬೆರಳು ತೂರಿಸಿದರು. ಒಳಗೆ ಆಗ ತಾನೇ ಇಳಿಸಿದ ಅನ್ನದ ಬೋಗುಣಿಯ ಹಾಗೆ ಕಾವು.

ಇಪ್ಪತ್ತೆರಡು ವರ್ಷಗಳಲ್ಲಿ ಅವರ ಪೆಟ್ಟಿಗೆ ಒಮ್ಮೆಯೂ ಬೆಚ್ಚಗಾಗಿರಲಿಲ್ಲ.

"ಎದಿ ಧಸಕ್ ಅಂತು" ಎನ್ನುತ್ತಾರೆ ಗೌಸ. ನಿಖಿತಾರಿಗೆ ಎರಡು ಸಲ ಫೋನ್ ಮಾಡಿದರು. ಪ್ರಾಣಿಶಾಲೆಯ ಒಳಗೆ ಫೋನ್ ಒಯ್ಯುವಂತಿಲ್ಲ, ಅದು ಹೊರಗಿನ ಕಪಾಟಿನಲ್ಲಿ ಬಡಿದುಕೊಂಡು ಸುಮ್ಮನಾಯಿತು. ಅಲ್ಲಿ ಇಲಿಗಳನ್ನು ನೋಡಿಕೊಳ್ಳುವ ದಾನಪ್ಪ ಗೌಸರ ಗೆಳೆಯ. ದಾನಪ್ಪನ ಫೋನೂ ಅದೇ ಕಪಾಟಿನಲ್ಲಿತ್ತು. ಆಗ ಗೌಸರು ತಾವೇ ತೀರ್ಮಾನ ತೆಗೆದುಕೊಂಡರು. ಓದಿದ ಹುಡುಗಿ ಅವಸರದಲ್ಲಿ ಐಸ್ ಹಾಕುವುದನ್ನು ಮರೆತಿದ್ದಾಳೆ. ಬಿಸಿಲಿಗೆ ಪ್ಯಾಕುಗಳು ಕಾದುಹೋಗಿವೆ. ಒಂದು ವರ್ಷದ ಕೆಲಸ ತನ್ನ ತೊಡೆಯ ಮೇಲೆ ಬೇಯುತ್ತಿದೆ.

ಐವತ್ತು ನಿಮಿಷಗಳ ನಂತರ ರೈಲು ಮಲಾಡ್ ಮುಟ್ಟಿತು. ಗೌಸ ಇಳಿದವರೇ ಸ್ಟೇಷನ್ ಹೊರಗಿನ ಪರಿಚಯದ ಔಷಧ ಅಂಗಡಿಗೆ ಓಡಿದರು. ಕಬ್ಬಿನಹಾಲಿನ ಗಾಡಿಯಲ್ಲೂ ಐಸ್ ಸಿಗುತ್ತಿತ್ತು, ಆದರೆ ಅಂಥ ಐಸ್ ಮುಟ್ಟುವ ಮನುಷ್ಯರಲ್ಲ ಅವರು. ಇನ್ಸುಲಿನ್ ಇಡಲು ಬಳಸುವ, ಕಲ್ಲಿನಂತೆ ಗಟ್ಟಿಯಾದ ನಾಲ್ಕು ಜೆಲ್ ಪ್ಯಾಕುಗಳನ್ನು ಕೇಳಿ ಪಡೆದರು. ಬೆಚ್ಚಗಿನ ಪ್ಯಾಕುಗಳನ್ನು ತೆಗೆದು ಚೀಲಕ್ಕೆ ಹಾಕಿದರು. ಬಾಟಲಿಗಳ ಎರಡೂ ಬದಿಗೆ ಎರಡೆರಡು ಪ್ಯಾಕು ಒತ್ತಾಗಿ ಕೂರಿಸಿ ಮುಚ್ಚಳ ಹಾಕಿದರು. ಸಾಲದ್ದಕ್ಕೆ ಅಂಗಡಿಯವರಿಂದ ದಿನಪತ್ರಿಕೆ ಬೇಡಿ ಸುತ್ತಲೂ ತುರುಕಿದರು, ತಂಪು ಹೊರಗೆ ಹೋಗಬಾರದಲ್ಲ. ಮುಂದಿನ ಲೋಕಲ್ ಹಿಡಿದು ಒಂದು ಹದಿನೈದಕ್ಕೆ ಪ್ರಾಣಿಶಾಲೆಯ ಬಾಗಿಲಲ್ಲಿದ್ದರು. ಹೇಳಿದ ಸಮಯಕ್ಕಿಂತ ಕಾಲು ಗಂಟೆ ಮೊದಲು.

ನಿಖಿತಾ ಮುಚ್ಚಳ ತೆರೆದರು. ದಿನಪತ್ರಿಕೆ ತೆಗೆದರು. ಆಮೇಲೆ ಕೈ ಹಾಕಿ, ಒಂದು ಜೆಲ್ ಪ್ಯಾಕು ಹೊರತೆಗೆದರು.

"ಅಂಕಲ್, ಐಸ್ ಯಾರು ಹಾಕಿದ್ದು?"

"ನಾನs ರಿ" ಎಂದರು ಗೌಸ. ಬೆವರು ಒರೆಸಿಕೊಳ್ಳುತ್ತಾ, ಶಹಬ್ಬಾಸ್ ಎನ್ನುತ್ತಾರೆಂದು ಕಾಯುತ್ತಾ. "ನೀವು ಮರ್ತಿದ್ರಿ ಮೇಡಂ. ಡಬ್ಬಿ ಪೂರಾ ಬಿಸಿ ಆಗಿತ್ತು. ನಾ ಇದ್ದೆ ಅಂತ ಉಳೀತು ನೋಡ್ರಿ."

ನಿಖಿತಾ ಬಾಟಲಿಗಳನ್ನು ಎತ್ತಿಕೊಂಡು ಸೂಕ್ಷ್ಮದರ್ಶಕವಿರುವ ಪಕ್ಕದ ಕೋಣೆಗೆ ಓಡಿದರು. ಎರಡು ಬಾಟಲಿಗಳ ಅಂಚಿನಲ್ಲಿ ಮಂಜು ಕಟ್ಟಿತ್ತು. ಅವರ ಬಾಯಿಂದ ಬಂದ ಮೊದಲ ಮಾತು ತುಳುವಿನದು, ಎರಡನೆಯದು ಇಂಗ್ಲಿಷಿನದು, ಮೂರನೆಯದು ಮಾತ್ರ ಕನ್ನಡದ್ದು: "ಎಂಥ ಮಾಡಿಬಿಟ್ರಿ ಮಾರಾಯ್ರೆ! ಅದು ಬೆಚ್ಚಗೇ ಇರ್ಬೇಕಿತ್ತು!"

ಗೌಸರ ಮುಖದಲ್ಲಿ ಮೀಸೆಯೊಂದೇ ಬಣ್ಣ ಉಳಿಸಿಕೊಂಡಿತ್ತು ಎಂದು ದಾನಪ್ಪ ಈಗಲೂ ಎಲ್ಲರಿಗೂ ಹೇಳುತ್ತಾರೆ. ದಾನಪ್ಪ ಮುದ್ದೇಬಿಹಾಳದವರು. ತಾಳಿಕೋಟಿಯ ನದಾಫರ ಮನೆಗಳು ಯಾವುದಕ್ಕೆ ಹೆಸರಾದವು ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಹತ್ತಿ ಹಿಂಜಿ ಗಾದಿ ಮಾಡುವುದು ನದಾಫರ ಕಸುಬು, ಗೌಸರ ತಂದೆಯದೂ ಅದೇ.

"ಲೇ ಗೌಸ, ನಿಮ್ಮಪ್ಪ ಇಡೀ ತಾಲೂಕಿಗೆ ಗಾದಿ ಮಾಡಿಕೊಟ್ಟು ಜನಾನ್ನ ಬೆಚ್ಚಗ ಮಲಗಿಸಿದ. ನೀ ಬಂದು ಈ ಕೂಸುಗಳ ಎದಿ ಮ್ಯಾಲ ಬರ್ಫ್ ಇಟ್ಯಲ್ಲೋ!"

"ಸುಮ್ಕಿರೋ ದಾನಪ್ಪ" ಎಂದರು ಗೌಸ. ನಂತರ ನಿಖಿತಾರ ಕಡೆ ತಿರುಗಿ ಮೆಲ್ಲಗೆ, "ಸತ್ತುವೇನ್ರಿ?"

ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಇದು: ಬೆಳಿಗ್ಗೆ ತಳಕ್ಕೆ ಅಂಟಿಕೊಂಡು ಕೈಕಾಲು ಚಾಚಿ ಮಲಗಿದ್ದ ಕೋಶಗಳು ಈಗ ಮುದುಡಿ ಗುಂಡಗಾಗಿ, ಸಾಬೂದಾಣಿಯ ಹಾಗೆ ತೇಲುತ್ತಿದ್ದವು. ಚಳಿಗೆ ಮುದುಡಿದವು ಯಾವುವು, ಸತ್ತವು ಯಾವುವು ಎಂದು ಆ ಹೊತ್ತಿಗೆ ಹೇಳಲಾಗದು. ನಿಖಿತಾ ಬಾಟಲಿಗಳನ್ನು ಮೈಕಾವಿನ ಪೆಟ್ಟಿಗೆಯಲ್ಲಿಟ್ಟು ಬಾಗಿಲು ಹಾಕಿದರು.

"ಗೊತ್ತಿಲ್ಲ ಅಂಕಲ್. ನಾಳೆ ಬೆಳಿಗ್ಗೆ ನೋಡ್ಬೇಕು."

ಗೌಸ ಮನೆಗೆ ಹೋಗಿ ಹಲೀಮಾಗೆ ಎಲ್ಲವನ್ನೂ ಹೇಳಿದರು. ಹಲೀಮಾ ನಗಲಿಲ್ಲ, ಬೈಯಲೂ ಇಲ್ಲ. ಫಾಲ್ ಹಚ್ಚುತ್ತಿದ್ದ ಸೀರೆಯನ್ನು ಮಡಿಸಿಟ್ಟು, ಟ್ರಂಕಿನಿಂದ ಹಳೆಯ ಕೌದಿಯ ತುಂಡೊಂದನ್ನು ತೆಗೆದು, ಪೆಟ್ಟಿಗೆಯ ಅಳತೆಗೆ ಒಂದು ಗವಸಣಿಗೆ ಹೊಲಿಯಲು ಕೂತರು. ಇಪ್ಪತ್ತೆಂಟು ವರ್ಷದ ದಾಂಪತ್ಯದಲ್ಲಿ ಹೆಂಡತಿ ಬೈಯದೆ ಉಳಿದ ಮೊದಲ ಸಂದರ್ಭ ಇದಾಗಿದ್ದರಿಂದ ವಿಷಯ ಎಷ್ಟು ಗಂಭೀರವೆಂದು ಗೌಸರಿಗೆ ಪೂರ್ತಿ ಮನವರಿಕೆಯಾಯಿತು.

ಮಾರನೆಯ ಬೆಳಿಗ್ಗೆ ಏಳಕ್ಕೆ, ಯಾರೂ ಕರೆಯದೆ, ಅವರು ಪ್ರಾಣಿಶಾಲೆಯ ಮೆಟ್ಟಿಲ ಮೇಲೆ ಕೂತಿದ್ದರು. ಕೈಯಲ್ಲಿ ಗವಸಣಿಗೆ.

"ಬಂದ್ರಪ್ಪಾ ಐಸ್ ಸಾಹೇಬ್ರು" ಎಂದರು ದಾನಪ್ಪ. "ಏನ್ ಹಿಡ್ಕೊಂಡೀದಿ?"

"ಹಲೀಮಾ ಹೊಲದಾಳ. ಬಾಟ್ಲಿಗೆ ಹೊದಿಸಾಕ."

ನಿಖಿತಾ ಅದನ್ನು ಎರಡು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ನೋಡಿದರು. ಹಳದಿ ಹೂವಿನ ಕೌದಿ, ಒಳಗೆ ಹತ್ತಿ, ಅಂಚಿಗೆ ಸೀರೆಯ ಫಾಲ್. "ತುಂಬ ಚಂದ ಉಂಟು ಅಂಕಲ್. ಆದ್ರೆ ಇದರ ಒಂದು ಎಳೆ ಒಳಗೆ ಹಾರಿದ್ರೆ ಎಲ್ಲ ಬಾಟಲಿ ಬಿಸಾಡ್ಬೇಕು. ದಯವಿಟ್ಟು ಹೊರಗೇ ಇಡಿ." ಗೌಸ ಅದನ್ನು ತಮ್ಮ ಅಂಗಿಯೊಳಗೆ ತುರುಕಿಕೊಂಡರು. ಇನ್ನೊಂದು ಹಾನಿಯಿಂದ ಪಾರಾದವರಂತೆ ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

ಎಣಿಕೆ ಶುರುವಾಯಿತು. ಕೋಶಗಳಿಗೆ ಒಂದು ನೀಲಿ ಬಣ್ಣ ಬೆರೆಸುತ್ತಾರೆ. ಬದುಕಿದ ಕೋಶ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಬಿಳಿಯಾಗಿ ಹೊಳೆಯುತ್ತದೆ. ಸತ್ತದ್ದು ನೀಲಿಯಾಗುತ್ತದೆ. ನಿಖಿತಾ ಒಂದು ಕಣ್ಣು ಬಾಟಲಿಯ ಲೆಕ್ಕದ ಮೇಲೂ ಒಂದು ಕಣ್ಣು ಗೌಸರ ಮೇಲೂ ಇಟ್ಟಿದ್ದರು.

"ಬನ್ನಿ ಅಂಕಲ್, ನೀವೇ ನೋಡಿ."

ಗೌಸ ಕನ್ನಡಕ ಹಣೆಗೇರಿಸಿ ಬಗ್ಗಿದರು. ಮೊದಲು ಕಂಡದ್ದು ತಮ್ಮದೇ ರೆಪ್ಪೆ. ಆಮೇಲೆ ಗೆರೆ ಹಾಕಿದ ಚೌಕಗಳು, ಅವುಗಳಲ್ಲಿ ಹರಡಿದ ಬಿಳಿಯ ಮಣಿಗಳು, ನಡುನಡುವೆ ನೀಲಿ. ಎರಡು ವರ್ಷ ಹೊತ್ತ ಸಾಮಾನನ್ನು ಅವರು ನೋಡಿದ್ದು ಅದೇ ಮೊದಲು.

"ನೀಲಿ ಅಂದ್ರ..."

"ಹೋದವು."

ಅವರು ಬಹಳ ಹೊತ್ತು ತಲೆ ಎತ್ತಲಿಲ್ಲ. ತುಟಿ ಅಲುಗುತ್ತಿತ್ತು. ದುವಾ ಮಾಡುತ್ತಿದ್ದಾರೆಂದು ನಿಖಿತಾ ಅಂದುಕೊಂಡರು. ಗೌಸರು ನೀಲಿಗಳನ್ನು ಎಣಿಸುತ್ತಿದ್ದರು. "ಈ ಮನ್ಯಾಗ ಹನ್ನೊಂದು ರಿ" ಎಂದರು ಕೊನೆಗೆ.

ಎಂಟೂವರೆಗೆ ಲೆಕ್ಕ ಮುಗಿಯಿತು. ಮಂಜು ಕಟ್ಟಿದ ಎರಡು ಬಾಟಲಿಗಳಲ್ಲಿ ಅರ್ಧಕ್ಕರ್ಧ ಹೋಗಿದ್ದವು. ಉಳಿದ ನಾಲ್ಕರಲ್ಲಿ ಬಹುಪಾಲು ರಾತ್ರಿಯ ಕಾವಿಗೆ ಚೇತರಿಸಿಕೊಂಡು ಮತ್ತೆ ತಳಕ್ಕೆ ಅಂಟಿದ್ದವು. ಅರವತ್ತು ಲಕ್ಷದಲ್ಲಿ ಬದುಕಿದ್ದು ನಲವತ್ತಾರು ಲಕ್ಷ. ಒಂಬತ್ತು ಇಲಿಗಳಿಗೆ ಸಾಕು, ಹನ್ನೆರಡಕ್ಕೆ ಸಾಲದು. ನಿಖಿತಾ ಹೊರಗಿನ ಕಪಾಟಿನ ಬಳಿ ಬಂದು ತಮ್ಮ ಗೈಡ್‌ಗೆ ಫೋನ್ ಮಾಡಿದರು. ಒಂಬತ್ತರಲ್ಲೇ ಮುಂದುವರಿಸಿ, ಕಾರಣವನ್ನು ಸ್ಪಷ್ಟವಾಗಿ ಬರೆದಿಡಿ ಎಂದು ಅವರು ಹೇಳಿದರು. ಫೋನ್ ಇಡುವ ಮುನ್ನ ಬೇರೆ ಕೊರಿಯರಿನವರನ್ನು ಹುಡುಕುವುದು ಒಳ್ಳೆಯದಲ್ಲವೇ ಎಂದೂ ಕೇಳಿದರು. ನಿಖಿತಾ, "ಅದು ಆಮೇಲೆ ನೋಡುವ ಸರ್" ಎಂದರು. ಪಕ್ಕದಲ್ಲೇ ನಿಂತಿದ್ದ ಗೌಸರಿಗೆ ಎರಡೂ ಕಡೆಯ ಮಾತು ಕೇಳಿಸಿತ್ತು.

ನಿಖಿತಾ ಲ್ಯಾಬಿನ ನೋಟ್‌ಬುಕ್ ತೆರೆದು ಬರೆಯತೊಡಗಿದರು. ಅದರಲ್ಲಿ ಬರೆದದ್ದನ್ನು ಹರಿಯುವಂತಿಲ್ಲ, ಅಳಿಸುವಂತಿಲ್ಲ.

"ಏನ್ ಬರದ್ರಿ ಮೇಡಂ?"

"ಸಾಗಿಸುವಾಗ ಕೊರಿಯರ್ ಐಸ್ ಇಟ್ಟದ್ದರಿಂದ ಕೋಶಗಳು ಸತ್ತವು ಅಂತ."

"ಕೊರಿಯರ್ ಅಂದ್ರ ಯಾರರಿ? ಮುಂಬೈದಾಗ ಸಾವಿರ ಮಂದಿ ಕೊರಿಯರ್ ಅದಾರ. ಎಲ್ಲಾರ ಮ್ಯಾಲೂ ಬರ್ತೈತಲ್ಲ. ನನ್ನ ಹೆಸರ ಬರೀರಿ."

"ಬೇಡ ಅಂಕಲ್. ಸುಮ್ಮನೆ ನಿಮಗೆ ಪ್ರಾಬ್ಲಮ್."

"ಆಗ್ಲಿ. ಗೌಸ ನದಾಫ ಅಂತ ಬರೀರಿ. ತಾಳಿಕೋಟಿ ಅಂತನೂ ಹಾಕ್ರಿ."

ದಾನಪ್ಪ ಬಾಗಿಲಲ್ಲಿ ನಿಂತು, "ಆಧಾರ್ ನಂಬರೂ ಹಾಕ್ರಿ ಮೇಡಂ" ಎಂದರು.

ನಿಖಿತಾ ಕೊರಿಯರ್ ಎಂಬ ಪದದ ಮೇಲೆ ಹೆಸರು, ಊರು ಬರೆದರು. ನಂತರ ಇನ್ನೊಂದು ಸಾಲು ಸೇರಿಸಿ ಓದಿ ಹೇಳಿದರು: ಪೆಟ್ಟಿಗೆ ಬೆಚ್ಚಗಿರಬೇಕೆಂದು ಸಂಶೋಧಕಿ ಬಾಯಿಮಾತಿನಲ್ಲಿ ತಿಳಿಸಿರಲಿಲ್ಲ.

ಗೌಸರಿಗೆ ಇದು ಹಿಡಿಸಲಿಲ್ಲ. "ತೆರೀಬ್ಯಾಡ ಅಂದಿದ್ರಿ, ತೆರದೆ. ತಪ್ಪು ನಂದು."

"ಯಾಕೆ ತೆರೀಬಾರ್ದು ಅಂತ ನಾನು ಹೇಳ್ಲಿಲ್ಲ. ತಪ್ಪು ನನ್ನದೂ ಉಂಟು."

"ಇಲ್ರಿ, ನಿಮ್ಮದು ಎಲ್ಲೈತಿ, ನಂದs."

"ಅರ್ಧ ಬಿಡಿ ಅಂಕಲ್ ನನಗೆ!"

ದಾನಪ್ಪ ಇಲಿಗಳನ್ನು ತರಲು ಒಳಗೆ ಹೋದರು. ಇಂಥ ಇಲಿಗಳ ಮೈಮೇಲೆ ಕೂದಲಿಲ್ಲ. ಗುಲಾಬಿ ಬಣ್ಣದ, ಸುಕ್ಕು ಚರ್ಮದ ಅವುಗಳನ್ನು ದಾನಪ್ಪ ಪಂಜರದ ಸಂಖ್ಯೆಯಿಂದಲೇ ಕರೆಯುತ್ತಾರೆ, ಆದರೆ ಕರೆಯುವಾಗ ದನಿ ಬದಲಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಒಂಬತ್ತಕ್ಕೂ ಚುಚ್ಚಿಯಾಯಿತು. ಚೀಟಿ ಎತ್ತಿ ಬಿಟ್ಟ ಮೂರು ಇಲಿಗಳು ಹಾಗೆಯೇ ಉಳಿದವು.

ಗೌಸರು ಎಲ್ಲ ದಿನಗಳಂತೆ ರಕ್ತ ಒಯ್ಯುವ ಕೆಲಸಕ್ಕೆ ಮರಳಿದರು. ಐಸ್ ಎಂದಿನಷ್ಟೇ. ಆದರೆ ವಾರಕ್ಕೆರಡು ಸಲ ದಾರಿಯಲ್ಲದ ದಾರಿ ಹಿಡಿದು ಪ್ರಾಣಿಶಾಲೆಯ ಬಾಗಿಲಿಗೆ ಬಂದು ಕೇಳುತ್ತಿದ್ದರು. ಒಂಬತ್ತರ ಬಗ್ಗೆ ಕೇಳಿದ್ದಕ್ಕಿಂತ ಮೂರರ ಬಗ್ಗೆ ಹೆಚ್ಚು. ದಾನಪ್ಪ ಮೊದಮೊದಲು ತಮಾಷೆ ಮಾಡಿದರು. ಇಪ್ಪತ್ತನಾಲ್ಕನೆಯ ದಿನ ಮೂರರಲ್ಲಿ ಕೊನೆಯದೂ ಸತ್ತಾಗ ಮಾಡಲಿಲ್ಲ. "ಹೋತು ನೋಡಪಾ" ಎಂದಷ್ಟೇ ಹೇಳಿ ಚಹಾ ತರಿಸಿದರು. ಒಂಬತ್ತರಲ್ಲಿ ಆರರ ಗಡ್ಡೆ ಕುಗ್ಗಿತ್ತು. ಎರಡರದ್ದು ಹಾಗೇ ಇತ್ತು, ಒಂದರದ್ದು ಬೆಳೆದಿತ್ತು. ಇದನ್ನು ಯಶಸ್ಸು ಎನ್ನಬಹುದೇ ಎಂಬ ಪ್ರಶ್ನೆಗೆ ನಿಖಿತಾ, ಇಷ್ಟು ಕಡಿಮೆ ಇಲಿಗಳಲ್ಲಿ ಏನನ್ನೂ ಹೇಳುವಂತಿಲ್ಲ, ಇನ್ನೊಮ್ಮೆ ಮಾಡಿ ನೋಡಬೇಕು ಎಂದರು. ಮನುಷ್ಯರ ಮಾತು ಇನ್ನೂ ಬಹಳ ದೂರ.

ಒಪ್ಪಿಗೆ ಪತ್ರ ನವೆಂಬರ್ ಕೊನೆಗೆ ಬಂತು. ಡಿಸೆಂಬರ್ ಮೂರನೆಯ ವಾರ ಮತ್ತೆ ಆರು ಬಾಟಲಿಗಳು ಸಿದ್ಧವಾದವು. ಗೈಡ್ ಹೇಳಿದಂತೆ ಇಬ್ಬರು ಬೇರೆ ಕೊರಿಯರಿನವರನ್ನು ನಿಖಿತಾ ವಿಚಾರಿಸಿದ್ದರು. ಅವರು ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಲಿಲ್ಲ, ಬೆಚ್ಚಗೋ ತಣ್ಣಗೋ ಎಂದೂ ಕೇಳಲಿಲ್ಲ. ಎಷ್ಟು ಕೆಜಿ ಎಂದು ಮಾತ್ರ ಕೇಳಿದರು. ಅದರ ಮರುದಿನ ನಿಖಿತಾ ಗೌಸರಿಗೆ ಫೋನ್ ಮಾಡಿದರು.

ಗೌಸ ಹೇಳಿದ ಸಮಯಕ್ಕಿಂತ ಒಂದು ಗಂಟೆ ಮೊದಲೇ ಬಂದು ಅಂಧೇರಿಯ ಲ್ಯಾಬಿನ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿದ್ದರು. ನಿಖಿತಾ ಬಾಟಲಿಗಳನ್ನು ಇಳಿಸಿ, ಪ್ಯಾಕುಗಳನ್ನು ಜೋಡಿಸಿ, ಮುಚ್ಚಳ ಹಾಕುವ ಮುನ್ನ, "ಕೈ ಕೊಡಿ ಅಂಕಲ್" ಎಂದರು. ಸೋಪು ಹಚ್ಚಿ ತೊಳೆಸಿ, ಕೈಗವಸು ತೊಡಿಸಿ, ಅವರ ಅಂಗೈಯನ್ನು ಪ್ಯಾಕಿನ ಮೇಲೆ ಇಡಿಸಿದರು.

"ಇಷ್ಟು. ಇದಕ್ಕಿಂತ ಬಿಸಿಯೂ ಬೇಡ, ತಣ್ಣಗೂ ಬೇಡ. ಗೊತ್ತಾಯ್ತಾ?"

ಕೈ ತೆಗೆಯಿರಿ ಎಂದರೂ ಗೌಸ ತೆಗೆಯಲಿಲ್ಲ.

"ಆರಾಮ ಇರೂ ಕೂಸಿನ ಮೈ ಇದ್ದಂಗ ಐತ್ರಿ" ಎಂದರು. ಆಮೇಲೆ, "ಇದಕ್ಕ ಐಸ್ ಇಟ್ಟೆನಲ್ರಿ ನಾನು."

"ಹೋಗಿ ಅಂಕಲ್, ಟ್ರೈನ್ ತಪ್ತದೆ" ಎಂದು ನಿಖಿತಾ ಮುಚ್ಚಳ ಹಾಕಿದರು.